ದೊಡ್ಡಮ್ಮನ ಹೊಸ ಮಂಡಿ

ಡಾಕ್ಟರು ಮೇಜಿನ ಮೇಲಿದ್ದ ಕೃತಕ ಮಂಡಿಯನ್ನು ತೆಗೆದು ನನ್ನ ಕೈಯಲ್ಲಿಟ್ಟರು. ಮೇಲೊಂದು ಲೋಹದ ತುಂಡು, ಕೆಳಗೊಂದು, ನಡುವೆ ಬಿಳಿ ಪ್ಲಾಸ್ಟಿಕ್. ಅದು ಇಷ್ಟು ಭಾರ ಇರುತ್ತದೆಂದು ನಾನು ಎಣಿಸಿರಲಿಲ್ಲ. ಹದಿನೈದು ಇಪ್ಪತ್ತು ವರ್ಷ ಬರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು, ಸವೆಯುವುದು ಹೆಚ್ಚಾಗಿ ಈ ನಡುವಿನ ಪ್ಲಾಸ್ಟಿಕ್ಕು ಎಂದು ಅವರು ವಿವರಿಸುತ್ತಿದ್ದರು. ನನ್ನ ಗಮನ ಅಲ್ಲಿರಲಿಲ್ಲ. ಮಣಿಪಾಲದ ಆ ತಣ್ಣನೆಯ ಕೋಣೆಯಲ್ಲಿ, ಉದ್ಯಾವರದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದು ಕುರ್ಚಿಯಲ್ಲಿ ಕೂತಿದ್ದರು...

ಅವರು ನಮಗೆ ಸಂಬಂಧಿಕರಲ್ಲ. ನಾನು ಮದುವೆಯಾಗಿ ಬಂದಂದಿನಿಂದ ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಮನೆಯ ಹಿಂದೆ ಒಂದಿಷ್ಟು ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು ತಂದು, ಚಾವಡಿಯ ನೆಲದಲ್ಲಿ ಕಾಲು ಮಡಚಿ ಕೂತು, ನೆನೆಸಿದ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಕೈಗೆ ಎಷ್ಟು ಕೆಲಸವೋ ಬಾಯಿಗೂ ಅಷ್ಟೇ ಕೆಲಸ. ನಾನು ಸಡಿಲವಾಗಿ ಕಟ್ಟಿದ್ದನ್ನು ಮಾತಾಡುತ್ತಲೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಹಾಗೆ ಕೂತವರಿಗೆ ಏಳಲು ಮೊದಲು ಕಂಬ ಬೇಕಾಯಿತು, ಆಮೇಲೆ ನನ್ನ ಕೈ ಬೇಕಾಯಿತು. ಎಣ್ಣೆ, ಕಷಾಯ, ಬಿಸಿನೀರಿನ ಚೀಲ ಎಲ್ಲ ಮುಗಿದ ಮೇಲೆ ಡಾಕ್ಟರು ಎರಡೂ ಮಂಡಿ ಬದಲಿಸಬೇಕು ಎಂದರು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ, ಅದು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು. ಉತ್ತರ ಕೇಳಿಕೊಂಡು ಸೀದಾ ಮನೆಗೆ ಬಂದರು.

"ನಮ್ಮ ಮನೆಯ ಹೆಂಗಸರು ಬೇಗ ಹೋಗುವವರಲ್ಲ. ಈಗಲೇ ಹಾಕಿಸಿದರೆ ನಾನಿರುವಾಗಲೇ ಅದು ಮುಗಿಯುತ್ತದೆ. ಮತ್ತೆ ಆ ಪ್ರಾಯದಲ್ಲಿ ಇನ್ನೊಮ್ಮೆ ಕೊಯ್ಯಿಸಿಕೊಳ್ಳಲಿಕ್ಕೆ ನನ್ನಿಂದ ಆಗಲಿಕ್ಕುಂಟಾ ಮಾರಾಯ್ತಿ? ಸ್ವಲ್ಪ ತಡೆಯುವ" ಎಂದರು.

ಅದು ಅವರೊಬ್ಬರ ಬುದ್ಧಿ ಅಲ್ಲ. ಹಳತು ಪೂರ್ತಿ ಕೆಡದೆ ಹೊಸತನ್ನು ಹೊರಗೆ ತೆಗೆಯಬಾರದು ಎಂಬುದು ನಮ್ಮ ಕಡೆಯ ಹೆಂಗಸರ ಕಾನೂನು. ದೊಡ್ಡಮ್ಮನ ಮಗ ದುಬಾಯಿಯಲ್ಲಿದ್ದಾಗ ತಂದುಕೊಟ್ಟ ಮಿಕ್ಸಿ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು, ಕೆಳಗೆ ಹಳೆಯ ಮಿಕ್ಸಿ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಮಂಡಿಯ ವಿಷಯದಲ್ಲೂ ಅದೇ ನ್ಯಾಯ. ಹಳೆಯ ಮಂಡಿಯಲ್ಲಿ ಇನ್ನೂ ಏನೋ ಉಳಿದಿದೆ ಎಂದು ವರ್ಷಗಟ್ಟಲೆ ನರಳಿದರು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದರು, ಅಂಗಳಕ್ಕಿಳಿಯುವ ಮೆಟ್ಟಿಲಲ್ಲಿ ಕೂತು ಕೂತು ಇಳಿಯುತ್ತಿದ್ದರು. ಅದನ್ನು ನೋಡಿ ನೋಡಿಯೇ ನನಗೆ ಸುಸ್ತಾಗಿತ್ತು, ಇನ್ನು ಅನುಭವಿಸಿದವರಿಗೆ ಹೇಗಾಗಿರಬೇಡ.

ಕೊನೆಗೊಮ್ಮೆ, ಇನ್ನು ಹಾಕಿಸಿದರೆ ಸಾಯುವವರೆಗೆ ಬರುತ್ತದೆ ಎಂದು ಅವರಿಗೇ ಧೈರ್ಯ ಬಂದ ಮೇಲೆ, ಆಪರೇಷನ್ ಆಯಿತು. ನೋವು ಹೋಯಿತು. ಆದರೆ ದೊಡ್ಡಮ್ಮ ಹೊಸ ಮಂಡಿಯನ್ನು ಖರ್ಚು ಮಾಡಲು ಒಪ್ಪಲಿಲ್ಲ. ನಡೆಯಿರಿ, ನಡೆದರೆ ಒಳ್ಳೆಯದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರೂ ಕೂಗಳತೆಯ ಅಂಗಡಿಗೆ ರಿಕ್ಷಾ ಕರೆಸುತ್ತಿದ್ದರು. ಸುಮ್ಮನೆ ಯಾಕೆ ಸವೆಸುವುದು ಎಂಬ ಲೆಕ್ಕ. ದೊಡ್ಡಮ್ಮ, ಇದು ಟ್ರಂಕಿನಲ್ಲಿಡುವ ಸೀರೆ ಅಲ್ಲ ಎಂದು ನಾನು ತಮಾಷೆ ಮಾಡಿದರೆ ನಗುತ್ತಿದ್ದರು, ಕುರ್ಚಿಯಿಂದ ಮಾತ್ರ ಏಳುತ್ತಿರಲಿಲ್ಲ.

ನೆಲಕ್ಕೆ ಕೂರಬೇಡಿ ಎಂದೂ ಡಾಕ್ಟರು ಹೇಳಿದ್ದರು. ಅದೊಂದನ್ನು ಅವರು ವ್ರತದ ಹಾಗೆ ಪಾಲಿಸಿದರು, ಅದೊಂದಕ್ಕೇ ಸಂಕಟಪಟ್ಟರು. ಮೇಜಿನ ಮೇಲೆ ಹೂ ಕಟ್ಟಿದರೆ ಬಿಗಿ ಬರುವುದಿಲ್ಲ ಎಂದು ದಿನಾ ಗೊಣಗುತ್ತಿದ್ದರು. ಮನೆಯಲ್ಲಿ ನಾಗನಿಗೆ ತಂಬಿಲದ ಪೂಜೆಯಾದ ದಿನ ಊಟಕ್ಕೆ ಎಲ್ಲರೂ ಸಾಲಾಗಿ ನೆಲದಲ್ಲಿ ಕೂತರು. ದೊಡ್ಡಮ್ಮನ ಎಲೆಯನ್ನು ಮಾತ್ರ ಸೊಸೆ ಸ್ಟೂಲಿನ ಮೇಲೆ ಹಾಕಿ, ಎದುರಿಗೆ ಕುರ್ಚಿ ಇಟ್ಟಳು. ಅವರು ಒಂದೆರಡು ತುತ್ತು ತಿಂದು, ಪಕ್ಕದಲ್ಲೇ ಕೆಳಗೆ ಕೂತಿದ್ದ ನನ್ನ ಕಡೆ ಬಾಗಿದರು.

"ನನ್ನ ಮನೆಯಲ್ಲಿ ನಾನೇ ನೆಂಟಳ ಹಾಗೆ ಆದೆ, ನೋಡು."

ಅದಾಗಿ ಒಂದು ಮಳೆಗಾಲ ಕಳೆದಿರಬೇಕು, ಅಷ್ಟೇ. ಬೆಳಿಗ್ಗೆ ಚಹಾ ಕುಡಿದು, ಯಾಕೋ ಸಂಕಟ ಎಂದು ಮಲಗಿದವರು ಏಳಲಿಲ್ಲ. ಮಂಡಿಯ ಬಾಳಿಕೆಯನ್ನು ಅಷ್ಟು ಜಾಗ್ರತೆಯಿಂದ ಅಳೆದವರು ಹೃದಯದ ಬಾಳಿಕೆಯನ್ನು ಯಾರಲ್ಲೂ ಕೇಳಿರಲಿಲ್ಲ... ಬೂದಿ ಆಯಲು ಹೋದ ಮಗನಿಗೆ ಅದರೊಳಗೆ ಆ ಲೋಹದ ತುಂಡುಗಳು ಸಿಕ್ಕಿದವಂತೆ. ಕಪ್ಪು ಹಿಡಿದಿತ್ತು, ಒರೆಸಿದರೆ ಹೊಸತರ ಹಾಗೇ ಇತ್ತು ಎಂದು ಜಗಲಿಯಲ್ಲಿ ಕೂತು ಹೇಳಿದ. ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಬಿಟ್ಟು ಬಂದಿದ್ದ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಉತ್ತರಕ್ರಿಯೆಯ ದಿನ, ಅಂದರೆ ಬೊಜ್ಜದ ದಿನ, ನಮ್ಮಲ್ಲಿ ಸತ್ತವರಿಗೂ ಒಂದು ಎಲೆ ಹಾಕುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪವಿಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ. ಸೊಸೆ ಒಳಕೋಣೆಗೆ ಅದೇ ಸ್ಟೂಲು, ಅದೇ ಕುರ್ಚಿಯನ್ನು ತಂದಿಟ್ಟಳು. ಹೀಗೆ ಎಲ್ಲಿಯಾದರೂ ಉಂಟಾ ಎಂದು ಹಿರಿಯರು ಆಕ್ಷೇಪಿಸಿದರು. ಅತ್ತೆಗೆ ಕೆಳಗೆ ಕೂರಲಿಕ್ಕೆ ಇಲ್ಲ, ಡಾಕ್ಟರು ಬೇಡ ಅಂದಿದ್ದಾರೆ ಎಂದು ಅವಳು ಅಳುತ್ತ ಕುರ್ಚಿ ಹಿಡಿದು ನಿಂತಳು. ಯಾರಿಗೂ ನಗು ಬರಲಿಲ್ಲ.

ಕಾರ್ಕಳದಿಂದ ಬಂದಿದ್ದ ದೊಡ್ಡಮ್ಮನ ತಂಗಿ ಮೆಲ್ಲ ಬಂದು ಅವಳ ಕೈಯಿಂದ ಕುರ್ಚಿಯನ್ನು ಬಿಡಿಸಿದರು.

"ಆ ಕಬ್ಬಿಣ ಎಲ್ಲ ಬೂದಿಯಲ್ಲಿ ಬಿಟ್ಟಾಯಿತಲ್ಲ ಮಗಾ. ಇನ್ನು ಅಕ್ಕನಿಗೆ ಕೂರಲಿಕ್ಕೆ ಆಗ್ತದೆ. ಎಲೆ ಕೆಳಗೆ ಹಾಕು."

ಸೊಸೆ ನೆಲ ಒರೆಸಿ ಮಣೆ ಇಟ್ಟು ಎಲೆ ಹಾಕಿದಳು. ಬಾಗಿಲು ಮುಚ್ಚಿದಾಗ ನನಗೂ ಅಳು ಬಂತು...

ಮಣಿಪಾಲದ ಕೋಣೆಯಲ್ಲಿ, ನಿಮ್ಮ ಮಂಡಿಗೆ ಈಗಲೇ ಆಪರೇಷನ್ ಮಾಡಿದರೆ ಮುಂದೊಂದು ದಿನ ಮತ್ತೆ ಬದಲಿಸಬೇಕಾಗಬಹುದು, ತಡೆಯುವುದಾದರೆ ಸ್ವಲ್ಪ ತಡೆಯಬಹುದು, ಯೋಚಿಸಿ ಎನ್ನುತ್ತಿದ್ದರು ಡಾಕ್ಟರು. ಯೋಚಿಸುವ ತ್ರಾಣ ನನ್ನಲ್ಲಿರಲಿಲ್ಲ. ಮಂಡಿಯನ್ನು ಮೇಜಿನ ಮೇಲಿಟ್ಟು, ಬರುವ ತಿಂಗಳೇ ಮಾಡಿ, ಮತ್ತಿನದ್ದು ಮತ್ತೆ ನೋಡುವ ಎಂದು ಹೇಳಿ ಬಸ್ಸು ಹತ್ತಿದೆ.

ಇವತ್ತು ಬೆಳಿಗ್ಗೆ ಸೊಸೆ ಬೇಲಿಯಾಚೆಯಿಂದ ಒಂದು ಬೊಗಸೆ ಮಲ್ಲಿಗೆ ಮೊಗ್ಗು ಕೊಟ್ಟಳು. ದೊಡ್ಡಮ್ಮ ನೆಟ್ಟ ಗಿಡದ್ದು. ನಾನು ಬಾಳೆನಾರು ನೆನೆಸಿ, ಗೋಡೆ ಹಿಡಿದು, ಹಲ್ಲು ಕಚ್ಚಿ ಚಾವಡಿಯ ನೆಲಕ್ಕೆ ಇಳಿದೆ. ಇನ್ನು ಕೆಲವು ದಿನ ಮಾತ್ರ ಹೀಗೆ ಕೂರಬಹುದು. ಪಕ್ಕದಲ್ಲಿ ಒಬ್ಬರಿಗೆ ಕಾಲು ಮಡಚಿ ಕೂರುವಷ್ಟು ಜಾಗ ಬಿಟ್ಟು, ಸಡಿಲವಾಗಿಯೇ ಹೂ ಕಟ್ಟತೊಡಗಿದೆ. ಬಿಚ್ಚಿ ಕಟ್ಟುವವರು ಯಾರೂ ಬರಲಿಲ್ಲ.