ನಕ್ಷೆ ಬಿಚ್ಚಿದ ಬಾವುಟ

ಬಾವುಟ ಹೊಲಿಯುವುದು ಇಷ್ಟು ಭಯದ ಕೆಲಸವೆಂದು ಗೊತ್ತಿದ್ದರೆ ನಾನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಎಪ್ಪತ್ತೆರಡರ ಚಳಿಗಾಲ. ಡೆಟ್ರಾಯಿಟ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವಳು ಢಾಕಾದ ಹುಡುಗಿ. ಯುದ್ಧ ಮುಗಿದು ಅವಳ ಬಾಂಗ್ಲಾದೇಶ ಸ್ವತಂತ್ರವಾಗಿ ಕೆಲವೇ ವಾರಗಳಾಗಿದ್ದವು. ಹೋರಾಟಕ್ಕೆಂದು ಹೋದ ಅವಳ ತಮ್ಮ ಮಾತ್ರ ಮನೆಗೆ ಮರಳಿರಲಿಲ್ಲ. ಬರಿಸಾಲ್ ಎಂಬ ಊರಿನಲ್ಲಿ ಅವನನ್ನು ಕಂಡವರಿದ್ದರು. ಆಮೇಲಿನದು ಯಾರಿಗೂ ಗೊತ್ತಿರಲಿಲ್ಲ.

ಅವಳ ಗಂಡ ಓದುತ್ತಿದ್ದ ಕಾಲೇಜಿನಲ್ಲಿ ಪರದೇಶದ ವಿದ್ಯಾರ್ಥಿಗಳದೊಂದು ಸಂಜೆ ಏರ್ಪಾಡಾಗಿತ್ತು. ದೇಶಕ್ಕೊಂದು ಮೇಜು, ಮೇಜಿಗೊಂದು ಬಾವುಟ. ನಿನ್ನೆ ಮೊನ್ನೆ ಹುಟ್ಟಿದ ದೇಶದ ಬಾವುಟ ಯಾವ ಅಂಗಡಿಯಲ್ಲಿ ಸಿಗಬೇಕು? ನನ್ನ ಹತ್ತಿರ ಹೊಲಿಗೆ ಮೆಷಿನ್ ಇತ್ತು.

"ನಿನಗ್ಯಾಕೆ ಇಲ್ಲದ ಉಸಾಬರಿ? ಪಾಕಿಸ್ತಾನದ ಹುಡುಗ್ರೂ ಅದೇ ಹಾಲ್‌ನಲ್ಲಿರ್ತಾರೆ. ಗಲಾಟೆ ಆದ್ರೆ?" ಎಂದರು ನಮ್ಮವರು.

"ಹಾಗಾದ್ರೆ ನೀವೇ ಹೋಗಿ ಹೇಳಿ ಬನ್ನಿ, ನನ್ ಹೆಂಡ್ತಿ ಹೊಲಿಯಲ್ಲ ಅಂತ."

ಹೋಗಲಿಲ್ಲ. ಹೋಗುವವರಲ್ಲವೆಂದು ನನಗೂ ಗೊತ್ತಿತ್ತು. ಆದರೆ ಅವರು ಹಚ್ಚಿದ ದಿಗಿಲು ನನ್ನಲ್ಲೇ ಉಳಿಯಿತು.

ಹಸಿರಿಗೆ ನನ್ನ ಪೆಟ್ಟಿಗೆಯಲ್ಲಿದ್ದ ರವಿಕೆ ಕಣಗಳೇ ಆದವು. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟವು, ಮೈಸೂರಿನಿಂದ ಹೊತ್ತು ತಂದಿದ್ದೆ. ಕತ್ತರಿ ಹಾಕುವ ಮೊದಲು, ಹೊಸ ಬಟ್ಟೆಗೆ ಮಾಡುವ ಹಾಗೆ, ಮೂಲೆಗೆ ಒಂದು ಬೊಟ್ಟು ಅರಿಸಿನ ಹಚ್ಚಿಬಿಟ್ಟೆ. ಹಚ್ಚಿದ ಮೇಲೆ ಜೀವ ಬಾಯಿಗೆ ಬಂತು. ಇದು ನನ್ನ ಸೀರೆಯಲ್ಲ, ಇನ್ನೊಬ್ಬರ ದೇಶ, ಅವರು ಮುಸಲ್ಮಾನರು. ಏನೆಂದುಕೊಳ್ಳುತ್ತಾಳೋ!

"ಇರಲಿ ದಿದಿ," ಎಂದಳು. ನಮ್ಮಿಬ್ಬರದು ಮುರುಕು ಹಿಂದಿ, ಅರ್ಧ ಇಂಗ್ಲಿಷ್. "ನಮ್ಮ ಮದುವೆಗಳಲ್ಲೂ ಅರಿಸಿನ ಹಚ್ತೀವಿ. ಒಳ್ಳೇದೇ."

ಹಸಿರಿನ ಮೇಲೆ ಕೆಂಪು ವೃತ್ತ, ಅದರೊಳಗೆ ಹಳದಿ ಬಣ್ಣದ ದೇಶದ ನಕ್ಷೆ. ಪ್ರಾಣ ತಿಂದದ್ದು ಆ ನಕ್ಷೆ. ಎಷ್ಟು ನದಿ, ಎಷ್ಟು ಅಂಕುಡೊಂಕು! ಹೊಲಿದು ಕಿಟಕಿಗೆ ಹಿಡಿದರೆ ಹಿಂದಿನಿಂದ ದೇಶ ಎಡಬಲ ತಿರುಗಿ ಕಾಣುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. ಹಿಂಬದಿಗೆ ಇನ್ನೊಂದು ನಕ್ಷೆ ಕತ್ತರಿಸಿ ಹೊಲಿದೆ. ಆಗ ಎರಡರ ಅಂಚೂ ಒಂದಕ್ಕೊಂದು ಕೂಡಲಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪನ ಬಾವುಟದಲ್ಲಿ ಚರಕ ಇತ್ತು, ಸ್ವಾತಂತ್ರ್ಯ ಬಂದಾಗ ಅದು ಹೋಗಿ ಚಕ್ರ ಬಂತು. ಚಕ್ರ ಎತ್ತಲಿಂದ ನೋಡಿದರೂ ಒಂದೇ ಎಂದು ಅಪ್ಪ ಸಮಾಧಾನ ಹೇಳಿದರೂ ಅಜ್ಜಿ ಚರಕ ಬೇಕೆಂದು ಗೊಣಗುತ್ತಲೇ ಇದ್ದರು. ಇದನ್ನು ಹೇಳಿದರೆ ಅವಳು ನಗಲಿಲ್ಲ. ಬೆರಳು ನಕ್ಷೆಯ ಕೆಳಭಾಗದಲ್ಲಿ ಒಂದೇ ಕಡೆ ಓಡಾಡುತ್ತಿತ್ತು. ಅಲ್ಲಿ ಬರಿಸಾಲ್.

ಮಾರನೆಯ ದಿನ ಅವಳ ಗಂಡ ಓಡಿ ಬಂದ. ನ್ಯೂಯಾರ್ಕಿನ ಗೆಳೆಯ ಫೋನ್ ಮಾಡಿದ್ದನಂತೆ, ಸರ್ಕಾರ ಬಾವುಟದಿಂದ ನಕ್ಷೆಯನ್ನೇ ತೆಗೆದುಹಾಕಿದೆಯಂತೆ. ಇನ್ನು ಬರೀ ಕೆಂಪು ವೃತ್ತ. "ನಿಮ್ಮ ಕೆಲಸ ಹಗುರಾಯಿತು!" ಎಂದು ನನ್ನತ್ತ ನಕ್ಕ. ನನಗೂ, ಸುಳ್ಳೇಕೆ, ಹಾಯೆನಿಸಿತು.

ಅವಳು ಮಾತ್ರ ಬಾವುಟವನ್ನು ಮಡಿಲಿಗೆ ಎಳೆದುಕೊಂಡಳು.

"ನಕ್ಷೆ ತೆಗೆದ್ರೆ ಅವನನ್ನ ನಾನು ಎಲ್ಲಿ ಅಂತ ನೋಡ್ಲಿ, ದಿದಿ?"

ಗಂಡ ಕತ್ತರಿಯನ್ನು ನನ್ನತ್ತ ಸರಿಸಿದ. ಯಾರೂ ಬಿಚ್ಚದಿದ್ದರೆ ನಾನೇ ಬಿಚ್ಚಬೇಕಷ್ಟೆ. ಅವಳ ಮಡಿಲಿನಲ್ಲೇ ಬಿಚ್ಚಿದೆ, ಎರಡೂ ಬದಿಯದು. ಹಳದಿ ಬಟ್ಟೆ ಕಳಚಿ ಬಂತು, ಕೆಂಪಿನ ಮೇಲೆ ಸೂಜಿಯ ತೂತುಗಳ ಗೆರೆ ಉಳಿಯಿತು. ಇಸ್ತ್ರಿ ಮಾಡಿದರೆ ಅದೂ ಹೋಗುತ್ತದೆ ಎಂದೆ.

"ತಡೀರಿ. ಆ ಅರಿಸಿನದ ಡಬ್ಬಿ ಕೊಡಿ," ಎಂದಳು.

ಬೆರಳು ಒದ್ದೆ ಮಾಡಿ ಅರಿಸಿನದಲ್ಲಿ ಅದ್ದಿದಳು. ತೂತುಗಳ ಗೆರೆ ಹಿಡಿದು ಕೆಳಗಿಳಿದು, ಜಾಗ ಹುಡುಕಿ, ಒತ್ತಿದಳು. ಕೆಂಪಿನ ಮೇಲೆ ಅರಿಸಿನ ಕಾಣಲೇ ಇಲ್ಲ. ಆಮೇಲೆ, "ಈಗ ಇಸ್ತ್ರಿ ಮಾಡಿ," ಎಂದಳು.

ಆ ಸಂಜೆ ಗಲಾಟೆಯೇನೂ ಆಗಲಿಲ್ಲ. ಪಾಕಿಸ್ತಾನದ ಮೇಜಿನಿಂದ ಇಬ್ಬರು ಹುಡುಗರು ಬಂದು ನೋಡಿ, ತಮ್ಮ ಮೇಜಿಗೆ ಮರಳಿದರು. ಅವಳು ಬಾವುಟದ ಪಕ್ಕ ನಿಂತೇ ಇದ್ದಳು.

ನಾವು ಷಿಕಾಗೋಗೆ ಮನೆ ಬದಲಾಯಿಸುವವರೆಗೂ ತಮ್ಮನ ಸುದ್ದಿ ಬರಲಿಲ್ಲ. ಈಗಲೂ ಎಲ್ಲಾದರೂ ಆ ಬಾವುಟ ಕಂಡರೆ ನನ್ನ ಕಣ್ಣು ಮೊದಲು ಕೆಂಪಿನ ಕೆಳಭಾಗಕ್ಕೆ ಹೋಗುತ್ತದೆ.