ಹುಂಜಕ್ಕೆ ಇಟ್ಟ ಗುರಿ

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ನೆಟಾ ಹೀಬರ್ಟ್ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಹರಿಕೇನ್ ಯುದ್ಧವಿಮಾನದ ಎಡಮಗ್ಗುಲಿನ ಲೋಹದ ತಗಡಿನಲ್ಲಿದ್ದ ಮೊದಲ ತೂತಿಗೆ ತುರುಕಿದಳು. ಮೊನೆ ಒಳಗೆ ಹೋಯಿತು, ಮೈ ಹೋಗಲಿಲ್ಲ. ಎರಡನೆಯದಕ್ಕೂ ಅಷ್ಟೆ. ಒಟ್ಟು ಏಳು ತೂತುಗಳು. ಯಾವುದರಲ್ಲೂ ಪೆನ್ಸಿಲ್ ಮೊನೆಯಿಂದಾಚೆ ಇಳಿಯಲಿಲ್ಲ.

"ಪೆನ್ಸಿಲ್ ತೂರದ ತೂತಲ್ಲಿ ಜಲಾಂತರ್ಗಾಮಿಯ ಫಿರಂಗಿ ಗುಂಡು ತೂರ್ತಂತೆ. ಇದನ್ನ ಹಿತ್ತಾಳೆ ಫಲಕದಲ್ಲಿ ಬೇರೆ ಕೆತ್ತಿಸ್ತೀರಂತೆ," ಅಂದಳು.

ಅವಳ ಹಿಂದೆ ನಿಂತಿದ್ದವನು ಡಗ್ಲಾಸ್ ಪೆಟಿಗ್ರೂ, ವಿಮಾನ ಸಂಗ್ರಹಾಲಯದ ಅಧ್ಯಕ್ಷ. ಮೂವತ್ತು ವರ್ಷ ಟ್ರ್ಯಾಕ್ಟರ್ ಮಾರಿದವನು. ಸಣ್ಣ ವಿಮಾನ ಹತ್ತಿದರೆ ಹೊಟ್ಟೆ ತೊಳಸುವ ಈ ಮನುಷ್ಯ ಮೇ ತಿಂಗಳಲ್ಲೂ ಪೈಲಟ್‌ಗಳ ಚರ್ಮದ ಜಾಕೆಟ್ ತೆಗೆಯುತ್ತಿರಲಿಲ್ಲ.

"ಲೋಹ ವರ್ಷ ಕಳೆದಂಗೆ ಹಿಗ್ಗುತ್ತೆ ನೆಟಾ. ತೂತು ಕಿರಿದಾಗುತ್ತೆ."

"ಹಂಗಾದ್ರೆ ಇನ್ನು ಐವತ್ತು ವರ್ಷ ಕಾಯಿರಿ, ತಾನೇ ಮುಚ್ಕೊಳ್ಳುತ್ತೆ. ಇದು ನಮ್ಮಣ್ಣ ಏಬ್ರಾಮ್ ಹೊಡೆದಿದ್ದು. ಇಪ್ಪತ್ತೆರಡರ ಬಂದೂಕು, ಮೊಲ ಹೊಡೆಯೋ ಸಣ್ಣ ಗುಂಡಿನದು. ಹುಂಜಕ್ಕೆ ಗುರಿಯಿಟ್ಟಿದ್ದ."

"ಸಾಕ್ಷಿ?"

"ಗುರುವಾರ ಅವನನ್ನೇ ಕರ್ಕೊಂಡು ಬರ್ತೀನಿ."

ಈ ವಿಮಾನ ಯುದ್ಧವನ್ನು ಕಂಡಿದ್ದೇ ಇಲ್ಲ. ಕೆನಡಾದಲ್ಲೇ ತಯಾರಾಗಿ, ಮ್ಯಾನಿಟೋಬಾದ ತರಬೇತಿ ನೆಲೆಯಲ್ಲಿ ಹೊಸ ಹುಡುಗರ ಕೈಗೆ ಸಿಕ್ಕಿ, ಎರಡು ಸಲ ಮೂತಿ ಜಜ್ಜಿಸಿಕೊಂಡು, ಯುದ್ಧ ಮುಗಿದ ಮೇಲೆ ಗುಜರಿಗೆ ಬಂದದ್ದು. ದಾಖಲೆ ಪುಸ್ತಕದಲ್ಲಿ ಹನ್ನೊಂದು ವಾರಗಳ ಹಾಳೆಗಳು ಮಾತ್ರ ಇಲ್ಲ. ಆ ಹನ್ನೊಂದು ವಾರಗಳೊಳಗೆ ಪೆಟಿಗ್ರೂ ಇಡೀ ಅಟ್ಲಾಂಟಿಕ್ ಸಾಗರವನ್ನು ತುರುಕಿದ್ದ. ವಿಮಾನ ಪೂರ್ವ ಕರಾವಳಿಗೆ ಹೋಯಿತಂತೆ, ಅಲ್ಲಿ ಜರ್ಮನ್ ಜಲಾಂತರ್ಗಾಮಿ ಅದರ ಮೇಲೆ ಗುಂಡು ಹಾರಿಸಿತಂತೆ. ಸಮಿತಿಯ ಆರು ಜನ ಗಂಡಸರು ಇದಕ್ಕೆ ಕೈಯೆತ್ತಿದ್ದರು. ಅವರಲ್ಲಿ ಇಬ್ಬರು ಹಲ್ಲಿನ ಡಾಕ್ಟರು.

ಗುಜರಿಯಿಂದ ಅದನ್ನು ಕೊಂಡವನು ನೆಟಾಳ ಅಪ್ಪ. ಮೆನೊನೈಟ್ ಕ್ರೈಸ್ತ ಪಂಥದ ರೈತ. ಯುದ್ಧ ಪಾಪವೆಂದು ನಂಬಿ, ಸೈನ್ಯಕ್ಕೆ ಸೇರುವುದಿಲ್ಲವೆಂದು ನ್ಯಾಯಾಧೀಶರ ಮುಂದೆ ಹೇಳಿ, ಅದರ ಬದಲಿಗೆ ಎರಡು ವರ್ಷ ಸರ್ಕಾರಿ ಕಾಡಿನಲ್ಲಿ ಮರ ಕಡಿದು ಬಂದವನು. ಯುದ್ಧವಿಮಾನ ಕೊಳ್ಳುವಾಗ ಅವನಿಗೆ ಯಾವ ಅಳುಕೂ ಆಗಲಿಲ್ಲ. ಅವನ ಕಣ್ಣಿಗೆ ಅದು ಒಂದು ಒಳ್ಳೆಯ ಬಾಲದ ಚಕ್ರ, ಒಂದು ಟ್ಯಾಂಕು, ಐದಾರು ಡಬ್ಬಿ ಬೋಲ್ಟು. ಚಕ್ರ ಕೈಗಾಡಿಗೆ ಹೋಯಿತು. ರೆಕ್ಕೆಯ ತಗಡು ಹಂದಿಗೂಡಿನ ಸೂರಾಯಿತು. ಉಳಿದ ಒಡಲನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದು ಕೋಳಿ ಬಿಟ್ಟ. ಪೈಲಟ್ ಕೂರುವ ಜಾಗದಲ್ಲಿ ಮೊಟ್ಟೆ, ಅದರ ಅಂಚಿನ ಮೇಲೆ ಹುಂಜ. ಬೆಳಿಗ್ಗೆ ಮೊಟ್ಟೆ ತರುವುದು ನೆಟಾಳ ಕೆಲಸವಾಗಿತ್ತು. ದಿನವೂ ಆ ಹುಂಜ ಅವಳ ಮೊಣಕಾಲು ಕುಕ್ಕುತ್ತಿತ್ತು.

ಶಾಲೆ ಬಿಟ್ಟ ಮೇಲೆ ಅವಳು ಧಾನ್ಯದ ಲಾರಿಗಳಿಗೆ ಟಾರ್ಪಾಲಿನ್ ಹೊಲಿಯುವ ಕಾರ್ಖಾನೆಗೆ ಸೇರಿದಳು. ಮೂವತ್ತನಾಲ್ಕು ವರ್ಷ ಹೊಲಿದಳು. ಗಂಡ ಒಬ್ಬನಿದ್ದ, ತಕರಾರಿಲ್ಲದ ಮನುಷ್ಯ, ತಕರಾರಿಲ್ಲದೆ ಸತ್ತ. ವಿಮಾನವನ್ನು ಮತ್ತೆ ಹಾರಿಸಬೇಕೆಂದು ಸಂಗ್ರಹಾಲಯದವರು ಆ ಕೋಳಿಗೂಡನ್ನು ಹುಡುಕಿಕೊಂಡು ಬಂದಾಗ ಅವಳಿಗೆ ಅರವತ್ತೇಳು. ಹರಿಕೇನಿನ ಹಿಂಭಾಗ ಲೋಹವಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದ ಲಿನನ್ ಬಟ್ಟೆ ಎಂದು ಆಮೇಲೆ ಅವರಿಗೆ ಗೊತ್ತಾಯಿತು. ಮೇಣದ ದಾರ, ಬಾಗಿದ ಸೂಜಿ, ಎರಡು ಬೆರಳಿಗೊಂದು ಗಂಟು. ಇಂಟರ್‌ನೆಟ್ ನೋಡಿಕೊಂಡು ಹಲ್ಲಿನ ಡಾಕ್ಟರೊಬ್ಬ ಹೊಲಿದ ಬಟ್ಟೆ ಬಣ್ಣ ಹಚ್ಚುತ್ತಲೇ ಹಳೆ ಚಡ್ಡಿಯ ಹಾಗೆ ಜೋತುಬಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿದವಳು ನೆಟಾ. ಅಲ್ಲಿಂದ ಒಂಬತ್ತು ವರ್ಷ ವಾರಕ್ಕೆ ಮೂರು ದಿನ ಬಂದು, ಆ ಗಂಡಸರ ಮಾತು ಕೇಳಿಸಿಕೊಂಡು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ ಹೊಲಿದಳು. ಉಗುಳಲು ಅವಳಿಗೆ ಕಾರಣಗಳ ಕೊರತೆ ಇರಲಿಲ್ಲ.

ಗುರುವಾರ ಏಬ್ರಾಮ್ ಬಂದ. ಎಂಬತ್ತು ವರ್ಷ, ವೃದ್ಧಾಶ್ರಮದ ವ್ಯಾನಿನಲ್ಲಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಬಿಳಿ ಅಂಗಿಯಲ್ಲಿ. ಅದೇ ಹೊತ್ತಿಗೆ ಸಿಗ್ಗಿ ಥೋರ್ವಾಲ್ಡ್‌ಸನ್ ಕೂಡ ಬಂದಿದ್ದ. ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕಬೇಕಾದ ಎಂಜಿನಿಯರ್ ಅವನು. ಟಾರ್ಚ್ ಹಿಡಿದು ವಿಮಾನದ ಹೊಟ್ಟೆಯ ಕೆಳಗೆ ಮಲಗಿದ್ದ.

"ಹೇಳಪ್ಪ ಏಬ್ರಾಮ್. ಈ ತೂತು ಯಾರು ಮಾಡಿದ್ದು ಅಂತ ಇವರಿಗೆ ಹೇಳು," ಅಂದಳು ನೆಟಾ.

ಏಬ್ರಾಮ್ ಏಳನ್ನೂ ಬೆರಳಿಂದ ಸವರಿ ನೋಡಿದ. "ನಾನಂತೂ ಮಾಡಿಲ್ಲ."

ಪೆಟಿಗ್ರೂ ಜಾಕೆಟ್ಟಿನ ಕಾಲರ್ ಸರಿಮಾಡಿಕೊಂಡ. "ಕೇಳಿದ್ರಾ ನೆಟಾ? ನಿಮ್ಮ ಸಾಕ್ಷೀನೇ ಹೇಳ್ತಿದಾರೆ."

"ವಯಸ್ಸಾಯ್ತು, ಮರೆತಿದಾನೆ," ಅಂದಳು ನೆಟಾ. "ಅಪ್ಪ ಬೆಲ್ಟು ತಗೊಂಡು ಹೊಡೆದಿದ್ದು ನೆನಪಿಲ್ವೇನೋ?"

"ಬೆಲ್ಟು ನೆನಪಿದೆ. ಮೂರು ದಿನ ಕೂರೋಕಾಗ್ಲಿಲ್ಲ. ಬಂದೂಕು ನಂದು, ಅದೂ ನಿಜ. ಅಪ್ಪ ಅಷ್ಟೇ ಕೇಳಿದ್ದು, ಬಂದೂಕು ಯಾರದು ಅಂತ." ಅವನು ತಂಗಿಯ ಕಡೆ ತಿರುಗಿ ಚಿಕ್ಕಂದಿನ ಹೆಸರಿನಲ್ಲಿ ಕರೆದ. "ನೆಟ್ಕೆ, ಅಪ್ಪ ನನ್ನನ್ನ ಹೊಡೆಯೋವಾಗ ನೀನು ಮೊಟ್ಟೆ ಬುಟ್ಟಿ ಹಿಡ್ಕೊಂಡು ಬಾಗಿಲ ಹಿಂದೆ ನಿಂತಿದ್ದೆ. ನಾನು ನಿನ್ನನ್ನ ನೋಡಿದೆ."

ನೆಟಾ ಬಾಯಲ್ಲಿದ್ದ ಸಿಪ್ಪೆ ಉಗುಳಲಿಲ್ಲ.

"ಅವತ್ತೇ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದಳು.

"ಅಪ್ಪ ಒಂದೇ ಸಲ ಹೊಡೆದಿದ್ದು. ನೀನು ಆ ಕಥೆ ಹೇಳ್ಕೊಂಡು ಪ್ರತಿ ಕ್ರಿಸ್‌ಮಸ್‌ಗೂ ಹೊಡೆದೆ. ನನ್ನ ಮಕ್ಕಳ ಮುಂದೆನೂ. ಒಂದು ಸಲವಾದ್ರೂ ನಿನ್ನ ಬಾಯಿಂದ ನಿಜ ಬರುತ್ತೇನೋ ಅಂತ ಕಾದೆ."

ಅರವತ್ತೇಳು ವರ್ಷಗಳಿಂದ ನೆಟಾ ಆ ಕಥೆಯನ್ನು ಊಟದ ಮೇಜಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಹುಂಜದ ದನಿ, ಅಪ್ಪನ ದನಿ, ಅಣ್ಣ ಕುಂಟಿದ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಯಾವ ವರ್ಷದಿಂದ ತಾನೇ ಅದನ್ನು ನಂಬತೊಡಗಿದಳೋ ಗೊತ್ತಿಲ್ಲ. ಈಗ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಅಣ್ಣ ವ್ಯಾನು ಹತ್ತಿ ಹೋಗುತ್ತಿದ್ದ, ತೂತುಗಳು ಜಲಾಂತರ್ಗಾಮಿಯ ಪಾಲಾಗುತ್ತಿದ್ದವು. ಮ್ಯಾನಿಟೋಬಾದಲ್ಲಿ ಯಾರೂ ಯಾವತ್ತೂ ಆ ಮಾತು ಎತ್ತುತ್ತಿರಲಿಲ್ಲ. ಅವಳು ಪೆಟಿಗ್ರೂನ ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿದಳು. ಎದೆಯ ಮೇಲೆ ಪುಟ್ಟ ಹಿತ್ತಾಳೆ ರೆಕ್ಕೆಗಳಿದ್ದವು. ಉಡುಗೊರೆ ಅಂಗಡಿಯವು.

"ನಾನು ಹೊಡೆದೆ," ಅಂದಳು. "ಏಳು ಗುಂಡು. ಹುಂಜಕ್ಕೆ ಒಂದೂ ತಾಗ್ಲಿಲ್ಲ. ಅಣ್ಣನ ಹೆಸರು ಹೇಳಿ ಇಷ್ಟು ವರ್ಷ ಸುಳ್ಳು ಹೇಳಿದೆ."

ಪೆಟಿಗ್ರೂ ನಕ್ಕ. "ಮಂಗಳವಾರ ಅಣ್ಣ, ಗುರುವಾರ ತಂಗಿ. ಶನಿವಾರ ಆ ಹುಂಜಾನೇ ಬಂದು ತಪ್ಪೊಪ್ಕೊಳ್ಳುತ್ತೇನೋ. ನೋಡಿ ನೆಟಾ, ದೇಣಿಗೆ ಕೊಡೋರು ಹುಂಜ ನೋಡೋಕೆ ಬರಲ್ಲ. ಫಲಕ ಆಗ್ಲೇ ತಯಾರಾಗಿ ಬಂದಿದೆ."

ಆಗ ಸಿಗ್ಗಿ ವಿಮಾನದ ಕೆಳಗಿನಿಂದ ತೆವಳಿ ಹೊರಬಂದ. "ಡಗ್, ಇದು ಹಾರೋ ವಿಮಾನ. ಹಾನಿ ಆಗಿದ್ರೆ ಕಾರಣ ಏನು ಅಂತ ನಾನು ದಾಖಲೆ ಪುಸ್ತಕದಲ್ಲಿ ಬರೀಬೇಕು. ಏನು ಬರೀಲಿ?"

"ಶತ್ರು ಗುಂಡು ಅಂತ ಬರಿ," ಅಂದ ಪೆಟಿಗ್ರೂ.

"ಬರೀತೀನಿ. ಫಿರಂಗಿ ಗುಂಡು ಬಿದ್ದ ಚೌಕಟ್ಟನ್ನ ನಾನು ಹಂಗೇ ಹಾರೋಕೆ ಬಿಡಲ್ಲ. ಒಳಗಿನ ಪ್ರತಿಯೊಂದು ಉಕ್ಕಿನ ಕೊಳವೇನೂ ಬಿಚ್ಚಿ ಎಕ್ಸ್‌ರೇ ಮಾಡ್ಬೇಕು. ನಾಲ್ಕು ತಿಂಗಳು."

ವಿಮಾನ ಹಾರಿಸುವ ಉದ್ಘಾಟನೆ ಜೂನ್ ಹದಿನಾಲ್ಕಕ್ಕಿತ್ತು. ಪ್ರಾಂತ್ಯದ ಮಂತ್ರಿ ಬರುವವನಿದ್ದ. ವಾದ್ಯದವರು, ದೊಡ್ಡ ಡೇರೆ, ನಾನೂರು ಕುರ್ಚಿ ಎಲ್ಲ ಗೊತ್ತುಮಾಡಿ ಆಗಿತ್ತು.

"ಇಪ್ಪತ್ತೆರಡರ ಬಂದೂಕಾದ್ರೆ?" ಪೆಟಿಗ್ರೂನ ದನಿ ಇಳಿದಿತ್ತು.

"ತಗಡಿಗೆ ಏಳು ತೇಪೆ. ಅರ್ಧ ದಿನ."

ಅಟ್ಲಾಂಟಿಕ್ ಸಾಗರ ಹಿಂದೆ ಸರಿಯಲು ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ. ಹಾಗೆ ನೋಡಿದರೆ ಮೊದಲಿನಿಂದಲೂ ತನಗೆ ಅನುಮಾನವಿತ್ತು, ತೂತು ತೀರಾ ಸಣ್ಣದು, ಎಂದ ಪೆಟಿಗ್ರೂ. ಲೋಹ ಹಿಗ್ಗುವ ವಿಚಾರ ಅವನು ಎತ್ತಲಿಲ್ಲ.

"ಹೊಡೆದೋರ ಹೇಳಿಕೆ ಬೇಕು, ಸಹಿ ಬೇಕು," ಅಂದ ಸಿಗ್ಗಿ. "ಈ ಪುಸ್ತಕ ವಿಮಾನ ಇರೋವರೆಗೂ ಇರುತ್ತೆ. ಯಾರು ಕೇಳಿದ್ರೂ ತೋರಿಸ್ಬೇಕು."

ನೆಟಾ ಕನ್ನಡಕ ಹಾಕಿಕೊಂಡಳು. ಸಿಗ್ಗಿ ಕೇಳಿದ, ಅವಳು ಹೇಳಿದಳು, ಅವನು ಬರೆದ. ಹಾನಿ: ಎಡಮಗ್ಗುಲ ತಗಡಿನಲ್ಲಿ ಏಳು ತೂತು. ವರ್ಷ: 1957. ಹೊಡೆದವರು: ನೆಟಾ ಹೀಬರ್ಟ್, ವಯಸ್ಸು ಒಂಬತ್ತು. ಗುರಿ: ಹುಂಜ.

"ಅಣ್ಣ ಹೊಡೆದಿಲ್ಲ ಅಂತಲೂ ಬರಿ," ಅಂದಳು.

"ಅದಕ್ಕೆ ಕಾಲಮ್ಮಿಲ್ಲ."

"ಅಂಚಲ್ಲಿ ಬರಿ."

ಸಿಗ್ಗಿ ಅಂಚಿನಲ್ಲಿ ಬರೆದ. ನೆಟಾ ಸಹಿ ಹಾಕಿದಳು. ಏಬ್ರಾಮ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿ ವಾಪಸು ಕೊಟ್ಟ. ಆಮೇಲೆ ತಂಗಿಯ ಮುಂದೆ ಅಂಗೈ ಚಾಚಿ ಒಂದು ಹಿಡಿ ಸೂರ್ಯಕಾಂತಿ ಬೀಜ ಕೇಳಿದ.

ಜೂನ್ ಹದಿನಾಲ್ಕರಂದು ಹರಿಕೇನ್ ಏಳು ತೇಪೆಗಳೊಂದಿಗೆ ಹದಿನೆಂಟು ನಿಮಿಷ ಹಾರಿತು. ಹಿತ್ತಾಳೆ ಫಲಕ ಈಗ ಪೆಟಿಗ್ರೂನ ಕೋಣೆಯಲ್ಲಿ, ಗಾಳಿಗೆ ಬಾಗಿಲು ಮುಚ್ಚದಂತೆ ಅಡ್ಡವಾಗಿ ಇದೆ.