ತಲೆಲೆಕ್ಕದವಳಿಗೆ ಸಿಗದ ಸೀಟು

ನಮ್ಮ ಯೂನಿಯನ್ನಿನವರು ಆ ಹುಡುಗಿಯನ್ನು ಕರೆಯುತ್ತಿದ್ದುದು ತಲೆಲೆಕ್ಕ ಎಂದು. ಅಕ್ಕರೆಯಿಂದ ಇಟ್ಟ ಹೆಸರಲ್ಲ, ಸಿಟ್ಟಿನಿಂದ ಇಟ್ಟದ್ದು. ಮೆರವಣಿಗೆ ಹೊರಟಾಗಲೆಲ್ಲ ಅವಳು ರಸ್ತೆಯ ಮೇಲಿನ ಕಾಲುಸೇತುವೆ ಹತ್ತಿ ನಿಂತು ಜನ ಎಣಿಸುತ್ತಿದ್ದಳು. ಸಂಜೆ ನಾವು ಮೈಕಿನಲ್ಲಿ ಹತ್ತು ಸಾವಿರ ಎಂದು ಗಂಟಲು ಹರಿದುಕೊಂಡರೆ, ಅವಳು ಕೆಳಗೆ ನಿಂತು “ಆರು ಸಾವಿರವೂ ಇಲ್ಲ” ಎನ್ನುವಳು. ಪೊಲೀಸರು ಎರಡು ಸಾವಿರ ಎಂದರೆ ಅವರಿಗೂ ಮುಖಕ್ಕೆ ಹೊಡೆದಂತೆ “ಸುಳ್ಳು” ಎನ್ನುವಳು. ಹೀಗಾಗಿ ಎರಡೂ ಕಡೆಯವರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅವಳ ಅಪ್ಪ ನೂಲಿನ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು, ಯೂನಿಯನ್ನಿನ ಕಾರ್ಯದರ್ಶಿ. ಅಮ್ಮ ಅದೇ ಗಿರಣಿಯಲ್ಲಿ ನೂಲು ಸುತ್ತುವವಳು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಸೋದರತ್ತೆಯ ಹೊಲಿಗೆ ಯಂತ್ರ, ಅದರ ಸುತ್ತ ಬಟ್ಟೆಯ ಚೂರು. ನೀರು ಕುಡಿಯಲು ಹೋಗುವವರು ಆ ಚೂರುಗಳನ್ನು ತುಳಿದುಕೊಂಡೇ ಹೋಗಬೇಕು.

ಅವಳಿಗೆ ಬಿಸಿನೆಸ್ ಓದಬೇಕೆಂಬ ಹುಚ್ಚು ಹಚ್ಚಿದವನು ಅಪ್ಪ. ಗಿರಣಿಯ ಆಡಳಿತದವರ ಜೊತೆ ಮಾತುಕತೆಗೆ ಕೂತಾಗಲೆಲ್ಲ ಮೇಜಿನ ಆಚೆ ಬದಿಯಲ್ಲಿ ಇಸ್ತ್ರಿ ಶರ್ಟಿನ ಹುಡುಗನೊಬ್ಬ ಇರುತ್ತಿದ್ದ. ಮೀಸೆ ಸರಿಯಾಗಿ ಚಿಗುರಿರದಿದ್ದರೂ ಬಾಯ್ಲರ್ ಬಗ್ಗೆ ಇವನಿಗೇ ಪಾಠ ಹೇಳುವನು. ಕೇಳಿದರೆ ಅವನು ದೊಡ್ಡ ಕಾಲೇಜಿನಲ್ಲಿ ಬಿಸಿನೆಸ್ ಓದಿದವನು. “ನಮ್ಮೋರು ಒಬ್ರು ಆ ಕುರ್ಚೀಲಿ ಕೂತ್ಕೊಳ್ಳಲಿ ಕಣ್ರಯ್ಯಾ, ಆಮೇಲೆ ನೋಡ್ಕೋತೀನಿ,” ಎಂದು ಅಪ್ಪ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ. ಆ ಕೋರ್ಸಿಗೆ ಇರುವ ಸೀಟು ಬೆರಳೆಣಿಕೆಯಷ್ಟು, ಬರುವ ಅರ್ಜಿಗಳು ಗುಡ್ಡೆಗುಡ್ಡೆ. ಆದರೂ ಮಗಳು ಲಿಖಿತ ಪರೀಕ್ಷೆಯನ್ನು ಲೀಲಾಜಾಲವಾಗಿ ದಾಟಿದಳು. ಉಳಿದದ್ದು ಸಂದರ್ಶನ. ಅದಕ್ಕೆಂದು ಅತ್ತೆ ಕೋಟು ಹೊಲಿದುಕೊಟ್ಟಳು. ಹೆಗಲು ಸ್ವಲ್ಪ ಬಿಗಿಯಾಗಿತ್ತು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ಅವರಲ್ಲೊಬ್ಬ ಕೇಳಿದ: “ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ ಮೂರನೇ ವಾರ. ನೀವು ಏನು ಮಾಡ್ತೀರಿ?”

ಅಷ್ಟು ಹೊತ್ತು ತಡವರಿಸುತ್ತಿದ್ದವಳಿಗೆ ಜೀವ ಬಂತು. “ಮೂರನೇ ವಾರಾನೇ ಕಷ್ಟ ಸರ್. ಮೊದಲನೇ ವಾರ ಹುಮ್ಮಸ್ಸಿರುತ್ತೆ, ಎರಡನೇ ವಾರ ಹಠ ಇರುತ್ತೆ. ಮೂರನೇ ವಾರ ಮನೆಮನೇಲೂ ಜಗಳ. ಅದಕ್ಕೇ ಎಲ್ಲರ ಅಡುಗೆ ಒಂದೇ ಕಡೆ ಮಾಡಿಸ್ಬೇಕು. ದಿನಾ ಸಂಜೆ ಸಭೆ ಆಗ್ಲೇಬೇಕು. ಮ್ಯಾನೇಜ್‌ಮೆಂಟಿನವರು ಒಬ್ಬೊಬ್ಬರನ್ನೇ ಕರೆದು ಪುಸಲಾಯಿಸೋಕೆ ನೋಡ್ತಾರೆ. ಯಾರೂ ಒಂಟಿಯಾಗಿ ಒಳಗೆ ಹೋಗಬಾರ್ದು.”

ಮೂವರೂ ಮುಖ ಮುಖ ನೋಡಿಕೊಂಡರು. ನಡುವೆ ಕೂತಿದ್ದ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಅಲ್ಲಮ್ಮಾ, ಆ ಮ್ಯಾನೇಜ್‌ಮೆಂಟು ನೀನೇ.”

ಇವಳು ನಾಲಿಗೆ ಕಚ್ಚಿಕೊಂಡು “ಹೌದಲ್ವಾ” ಎಂದಳಂತೆ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆ ಒಪ್ಪಿಸಿದಳು. ಅಪ್ಪನ ಹುಬ್ಬು ಗಂಟಾಯಿತು.

“ಅಡುಗೆ ಒಂದೇ ಕಡೆ ಅಂತ ಹೇಳಿದ್ಯಾ?”

“ಹೇಳ್ದೆ.”

“ಗೇಟಿನ ಹತ್ರ ಪಾಳಿ ಮೇಲೆ ಕೂರೋ ವಿಷಯ?”

“ಅಷ್ಟರಲ್ಲಿ ನಿಲ್ಲಿಸಿಬಿಟ್ರು.”

ಅತ್ತೆ ಕತ್ತರಿ ಕೆಳಗೆ ಕುಕ್ಕಿದಳು. “ಮಗಳಿಗೆ ನಾಲ್ಕು ಬಿಡೋದು ಬಿಟ್ಟು ಉತ್ತರ ತಿದ್ದುತಾ ಕೂತಿದಾನಲ್ಲ, ಮಹಾನುಭಾವ!”

ಸೀಟು ಸಿಗಲಿಲ್ಲವೆಂಬ ಸುದ್ದಿ ಫೋನಿಗೆ ಬಂತು. ಅದರ ಜೊತೆಗೇ ಇನ್ನೊಂದು ಮಾತೂ ಇತ್ತು. ಲಿಖಿತ ಪರೀಕ್ಷೆಯಲ್ಲಿ ಪಾಸಾದವರು ಅದೇ ಕಾಲೇಜಿನಲ್ಲಿ ಬೇರೆ ವಿಷಯ ಆರಿಸಿಕೊಳ್ಳಬಹುದು, ಆದರೆ ಶುಕ್ರವಾರ ಸಂಜೆಯೊಳಗೆ ಬಂದು ಸೇರಬೇಕು, ಆಮೇಲೆ ಬಂದವರಿಗೆ ಬಾಗಿಲಿಲ್ಲ. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಒಂದು ವರ್ಷ ಮನೇಲಿರು. ಆ ಕಡೆಯೋರ ಥರ ಮಾತಾಡೋದು ಕಲಿ. ಮತ್ತೆ ಬರಿ,” ಎಂದ. ಹಾಗೆನ್ನುವಾಗ ಅವನು ಮಗಳ ಮುಖ ನೋಡಲಿಲ್ಲ. ಒಂದು ವರ್ಷ ಬಾಯಿಪಾಠ ಮಾಡಿ ಆ ಮೂವರ ಮುಂದೆ ಮತ್ತೆ ಕೂರುವುದು ಅವಳಿಗೆ ಸುತರಾಂ ಬೇಡವಾಗಿತ್ತು. ಬೇರೆ ವಿಷಯ ಹಿಡಿದರೆ ಸೋತೆ ಎಂದು ಬೀದಿಗೆಲ್ಲ ಸಾರಿದ ಹಾಗೆ. ಊಟ ಅರ್ಧಕ್ಕೆ ಬಿಟ್ಟು ಏಳುವಳು, ಕೇಳಿದರೆ ಸಿಡುಕುವಳು.

ಶುಕ್ರವಾರ ಅಮ್ಮ ರಜೆ ಹಾಕಿದಳು. “ನಡಿಯೇ, ನೋಡ್ಕೊಂಡಾದ್ರೂ ಬರೋಣ. ನೋಡಿದ್ರೆ ಕಣ್ಣೇನು ಸವೆಯಲ್ಲ.”

ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ವಿಷಯಕ್ಕೊಂದು ಮೇಜು. ಅರ್ಥಶಾಸ್ತ್ರದ ಮುಂದೆ ಮಾರುದ್ದದ ಸಾಲು. ಅಲ್ಲಿದ್ದವರೆಲ್ಲ ಬಿಸಿನೆಸ್ ಸಿಗದವರೇ, ಒಬ್ಬೊಬ್ಬರ ಮುಖವೂ ಸಾವಿನ ಮನೆಯಿಂದ ಬಂದಂತೆ. ಹೆಸರಾದರೂ ಬಿಸಿನೆಸ್ಸಿಗೆ ಹತ್ತಿರವಿದೆ ಎಂದು ಇವಳೂ ಅಲ್ಲೇ ನಿಂತಳು. ಪಕ್ಕದ ಸಂಖ್ಯಾಶಾಸ್ತ್ರದ ಮೇಜಿಗೆ ನರಪಿಳ್ಳೆಯೂ ಬಂದಿರಲಿಲ್ಲ. ವಯಸ್ಸಾದ ಮೇಷ್ಟ್ರೊಬ್ಬರು ಕಿತ್ತಳೆ ಸುಲಿಯುತ್ತ ಕೂತಿದ್ದರು. ಅಮ್ಮ ಅವರ ಮುಂದಿನ ಕುರ್ಚಿಯಲ್ಲಿ ಧೊಪ್ಪನೆ ಕೂತಳು.

“ಏನಮ್ಮಾ, ಸೇರ್ತೀರಾ?”

“ನನಗೆ ಕಾಲು ನೋವು ಸಾರ್, ಅದಕ್ಕೆ ಕೂತೆ. ಸೇರೋಳು ಅಲ್ಲಿ ನಿಂತಿದಾಳೆ. ಮೆರವಣಿಗೇಲಿ ತಲೆ ಎಣಿಸಿ ಎಣಿಸಿ ಊರವರ ಹತ್ರ ಎಲ್ಲ ಬೈಸ್ಕೋತಾಳೆ.”

ಮೇಷ್ಟ್ರು ಕಿತ್ತಳೆ ಕೆಳಗಿಟ್ಟು ಇವಳನ್ನು ಕರೆದರು. “ಹೇಗೆ ಎಣಿಸ್ತೀಯಾ?”

“ಒಂದು ಕಂಬ ಗುರುತಿಟ್ಕೋತೀನಿ. ಒಂದು ನಿಮಿಷಕ್ಕೆ ಎಷ್ಟು ಜನ ಅದನ್ನ ದಾಟ್ತಾರೆ ಅಂತ ಆಗಾಗ ನೋಡ್ತೀನಿ. ಆಮೇಲೆ ಕೊನೇವರೆಗೂ ಗುಣಿಸ್ತೀನಿ.”

“ಕಂಬ ದಾಟಿದ ಮೇಲೆ ಬಂದು ಸೇರ್ಕೊಂಡೋರು?”

ಇವಳು ಸಾಲಿನಲ್ಲೇ ಇತ್ತ ತಿರುಗಿ ನಿಂತಳು.

“ಕಂಬ ಬರೋ ಮುಂಚೆ ಸಂದಿಗೆ ನುಗ್ಗಿ ಮನೆಗೆ ಹೋದೋರು?”

“ಅವರು ಬಿಟ್ಟುಹೋಗ್ತಾರೆ ಸಾರ್.”

“ಹಾಗಾದ್ರೆ ನಿನ್ನ ಲೆಕ್ಕಾನೂ ತಪ್ಪು.”

ಅವಳ ಲೆಕ್ಕವನ್ನು ಕಮ್ಮಿ ಎಂದವರಿದ್ದರು, ಜಾಸ್ತಿ ಎಂದವರಿದ್ದರು. ಅದು ಎಲ್ಲಿ ತಪ್ಪುತ್ತದೆ ಎಂದು ತೋರಿಸಿದವರು ಮಾತ್ರ ಇವರೊಬ್ಬರೇ. ಅವಳು ಸಾಲು ಬಿಟ್ಟು ಬಂದು ಮೇಜಿಗೆ ಎರಡೂ ಕೈ ಊರಿದಳು.

“ಎಷ್ಟು ತಪ್ಪು ಸಾರ್?”

“ಅದನ್ನ ಕಂಡುಹಿಡಿಯೋಕೆ ದಾರಿ ಇದೆ. ಒಂದು ಕಂಬ ಸಾಲದು, ಎರಡು ಬೇಕು. ನಡುವೆ ಒಂದಷ್ಟು ಜನರನ್ನ ಕೇಳಬೇಕು, ಎಲ್ಲಿ ಸೇರಿದ್ರಿ ಅಂತ. ಆಮೇಲೂ ತಪ್ಪಿರುತ್ತೆ. ಆದ್ರೆ ಎಷ್ಟರ ಮಟ್ಟಿಗೆ ತಪ್ಪಿರಬಹುದು ಅಂತ ಎದೆ ತಟ್ಟಿ ಹೇಳಬಹುದು.”

“ಎಲ್ಲರನ್ನೂ ಕೇಳೋಕಾಗುತ್ತಾ? ಕೂಗ್ತಾ ಹೋಗ್ತಿರ್ತಾರೆ.”

“ಎಲ್ಲರನ್ನೂ ಯಾಕೆ ಕೇಳ್ತೀಯಾ? ಯಾರನ್ನ ಕೇಳಬೇಕು ಅನ್ನೋದೇ ಪಾಠ.”

ಜವಾನ ಬಂದು ಬೇರೆ ಮೇಜುಗಳನ್ನು ಮಡಚಿ ಒಳಗೆ ಸಾಗಿಸತೊಡಗಿದರೂ ಇಬ್ಬರ ವಾದ ನಿಲ್ಲಲಿಲ್ಲ. ಈ ಮೇಜಿನ ಹತ್ತಿರ ಯಾರೂ ಅವಳನ್ನು ನೀನು ಯಾವ ಕಡೆಯವಳು ಎಂದು ಕೇಳಲಿಲ್ಲ. ಬಿಗಿ ಹಿಡಿದಿದ್ದ ದವಡೆ ಸಡಿಲವಾಗಿದ್ದು ಅವಳಿಗೇ ತಿಳಿಯಲಿಲ್ಲವಂತೆ, ಅಮ್ಮನಿಗೆ ಕಂಡಿತು. “ಸಾರ್, ಬಾಗಿಲು ಹಾಕೋ ಹೊತ್ತಾಯ್ತು. ಇವಳ ಹೆಸರು ಬರ್ಕೊಳ್ಳಿ, ಜಗಳ ನಾಳೆ ಆಡಿ,” ಎಂದಳು ಅಮ್ಮ. ಮಗಳು ಇಲ್ಲವೆನ್ನಲಿಲ್ಲ. ತಾನೇ ಪೆನ್ನು ಎಳೆದುಕೊಂಡು ಸಹಿ ಹಾಕಿದಳು.

ಮನೆಯಲ್ಲಿ ಅಪ್ಪ ಆಗಷ್ಟೇ ಪಾಳಿ ಮುಗಿಸಿ ಬಂದು ಬೂಟಿನ ದಾರ ಬಿಚ್ಚುತ್ತಿದ್ದ.

“ಸ್ಟ್ಯಾಟಿಸ್ಟಿಕ್ಸ್‌ಗೆ ಸೇರ್ಕೊಂಡೆ ಅಪ್ಪಾ. ಬಿಸಿನೆಸ್ಸು ಮುಂದಿನ ವರ್ಷಾನೂ ಬರೆಯಲ್ಲ.”

ಅತ್ತೆ ಯಂತ್ರ ನಿಲ್ಲಿಸಿದಳು. ಮನೆ ಹಾರಿಹೋಗುವಂತೆ ಕೂಗುತ್ತಾನೆಂದು ಎಲ್ಲರೂ ಕಾದರು. ಅಪ್ಪ ಬೂಟು ಕೈಯಲ್ಲೇ ಹಿಡಿದು ಕೇಳಿದ:

“ಖಂಡಿತ ತಾನೆ? ಆಮೇಲೆ ಮನಸ್ಸು ಬದಲಾಯಿಸಲ್ಲ ತಾನೆ?”

“ಇಲ್ಲ.”

“ಸದ್ಯ, ಬದುಕ್ಕೊಂಡೆ,” ಎಂದ ಅಪ್ಪ.

ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದಳು. ಅಪ್ಪನಿಗೆ ಹೇಳದೆ ವಿಧಿಯಿರಲಿಲ್ಲ. “ನಾನೇ ಊರಿಗೆಲ್ಲ ಡಂಗುರ ಹೊಡೆದಿದ್ದೆ, ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ? ಇವಳು ಆ ಕುರ್ಚೀಲಿ ಕೂತ್ರೆ ನಾನು ಮೇಜು ಗುದ್ದಿ ಮಾತಾಡೋದು ಹೇಗೆ? ಮಗಳ ಎದುರು ದನಿ ಏಳುತ್ತಾ?”

“ಮನೇಲಿ ಏಳುತ್ತಲ್ಲ,” ಎಂದಳು ಅಮ್ಮ.

“ನೀನು ಸುಮ್ಮನಿರೇ.”

ಮಗಳು ನಕ್ಕಳು. ನಕ್ಕು, “ಮೊದಲೇ ಹೇಳಿದ್ರೆ ನಂದೂ ಒಂದಿಷ್ಟು ನಿದ್ದೆ ಉಳೀತಿತ್ತಲ್ಲ ಅಪ್ಪಾ,” ಎಂದು ಬೈದಳು. ತಟ್ಟೆ ಹಾಕಿಕೊಂಡು ಕೂತು ಎರಡನೆಯ ಸಲ ಬಡಿಸಿಕೊಂಡಳು.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಯಾರ ಮುಂದೆ ಹೆಚ್ಚು ಕೊಚ್ಚಿಕೊಂಡಿದ್ದನೋ ಆ ಭಾವಮೈದುನನಿಗೇ ಫೋನ್ ಹಚ್ಚಿದ.

“ಹಲೋ, ನಾನು ಕಣೋ. ನಿನ್ನ ಸೊಸೆಗೆ ಬಿಸಿನೆಸ್ ಸೀಟು ಸಿಗ್ಲಿಲ್ಲ. ಹೂಂ, ಸಿಗ್ಲಿಲ್ಲ ಅಂತ ಹೇಳೋಕೇ ಫೋನ್ ಮಾಡಿದ್ದು. ಬೇರೆ ಏನೋ ಹಿಡಿದಿದಾಳೆ, ನಂಗೂ ಸರಿಯಾಗಿ ಗೊತ್ತಿಲ್ಲ, ಅವಳಿಗೆ ಗೊತ್ತಿದೆ, ಸಾಕು. ಏನಂದೆ? ನಗ್ತಿದೀನಾ? ಯಾರು, ನಾನಾ?”